ಫಾರಂ ತುಂಬಿ ಕಳಿಸಿದರೂ ಸ್ಕ್ರಿಪ್ಟ್‌ಗೆ ಏನೂ ಸಿಗುತ್ತಿಲ್ಲ, ಎಲ್ಲಿ ಹೋಯಿತು?

ಪ್ರಶ್ನೆ: ಒಂದು ಅರ್ಜಿ ಫಾರಂ ಮಾಡಿದ್ದೇನೆ. ಹೆಸರು, ಇಮೇಲ್, ಫೋನ್ ನಂಬರ್, ಒಂದು ಸಂದೇಶ, ಜೊತೆಗೆ ಒಂದು ಫೋಟೊ. ಸಬ್ಮಿಟ್ ಒತ್ತಿದರೆ ಪಿಎಚ್‌ಪಿ ಸ್ಕ್ರಿಪ್ಟ್‌ಗೆ (ಸರ್ವರ್ ಕಡೆ ಓಡುವ ಕೋಡ್‌ಗೆ) ಹೋಗಬೇಕು. ನನ್ನ ಕಂಪ್ಯೂಟರ್‌ನಲ್ಲಿ ಫೋನ್ ನಂಬರ್ ಒಂದು ಬಿಟ್ಟು ಉಳಿದೆಲ್ಲ ಬರುತ್ತದೆ. ಸರ್ವರ್‌ಗೆ ಹಾಕಿದ ಮೇಲೆ ಏನೂ ಬರುತ್ತಿಲ್ಲ. ಸ್ಕ್ರಿಪ್ಟ್ ಓಡುತ್ತದೆ, ಆದರೆ 'ಅನ್‌ಡಿಫೈನ್ಡ್ ಅರೇ ಕೀ' ಅಂತ ಸಾಲುಸಾಲು ಎಚ್ಚರಿಕೆ ಬರುತ್ತದೆ. ಎರಡು ದಿನದಿಂದ ಸ್ಕ್ರಿಪ್ಟ್ ತಿದ್ದುತ್ತಾ ಕೂತಿದ್ದೇನೆ. ಫಾರಂ ಮತ್ತು ಸ್ಕ್ರಿಪ್ಟ್ ಎರಡರ ಕೋಡ್ ಕಳಿಸಿದ್ದೇನೆ. ಎಲ್ಲಿ ತಪ್ಪಿದ್ದೇನೆ?

ಉತ್ತರ: ಮೊದಲು ಸ್ಕ್ರಿಪ್ಟ್ ತಿದ್ದುವುದನ್ನು ನಿಲ್ಲಿಸಿ. ನೀವು ಕಳಿಸಿದ ಸ್ಕ್ರಿಪ್ಟ್ ಓದಿದೆ, ಅದರಲ್ಲಿ ತಪ್ಪಿಲ್ಲ. ಮಾಹಿತಿ ಅಲ್ಲಿಗೆ ಬರುವ ಮೊದಲೇ ಕಳೆದುಹೋಗುತ್ತಿದೆ, ಅದೂ ಒಂದು ಕಡೆ ಅಲ್ಲ. ಫೋನ್ ನಂಬರ್‌ದು ಒಂದು ಕಥೆ, ಸರ್ವರ್‌ನಲ್ಲಿ ಎಲ್ಲವೂ ಖಾಲಿಯಾಗುವುದು ಇನ್ನೊಂದು ಕಥೆ. ಎರಡನ್ನೂ ಸೇರಿಸಿ ಒಂದೇ ತೊಂದರೆ ಅಂತ ನೋಡಿದ್ದರಿಂದಲೇ ನಿಮಗೆ ಎರಡು ದಿನ ಹಿಡಿಯಿತು.

ಫಾರಂನಿಂದ ಸ್ಕ್ರಿಪ್ಟ್ ತಲುಪುವಷ್ಟರಲ್ಲಿ ಮಾಹಿತಿ ಮೂರು ಕೈ ದಾಟುತ್ತದೆ. ಬ್ರೌಸರ್ ಫಾರಂನಲ್ಲಿ ಇರುವುದನ್ನು ಹೆಕ್ಕಿ ಒಂದು ಕಟ್ಟು ಮಾಡುತ್ತದೆ. ಆ ಕಟ್ಟು ದಾರಿ ಹಿಡಿದು ಸರ್ವರ್‌ಗೆ ಹೋಗುತ್ತದೆ. ಅಲ್ಲಿ ಪಿಎಚ್‌ಪಿ ಅದನ್ನು ಬಿಚ್ಚಿ, ಪೋಸ್ಟ್ ಅನ್ನುವ ಅರೇಯಲ್ಲಿ, ಅಂದರೆ ಹೆಸರು ಹಚ್ಚಿದ ಬೆಲೆಗಳ ಪಟ್ಟಿಯಲ್ಲಿ, ಜೋಡಿಸಿಡುತ್ತದೆ. ಆ ಪಟ್ಟಿಯಲ್ಲಿ ಇಲ್ಲದ ಹೆಸರು ಕೇಳಿದಾಗ ಬರುವುದೇ 'ಅನ್‌ಡಿಫೈನ್ಡ್ ಅರೇ ಕೀ' ಎಚ್ಚರಿಕೆ. ನಿಮ್ಮ ಸ್ಕ್ರಿಪ್ಟ್‌ನ ಮೊದಲ ಸಾಲು ಓಡುವ ಹೊತ್ತಿಗೆ ಈ ಮೂರೂ ಮುಗಿದಿರುತ್ತವೆ. ಹಾಗಾಗಿ ಅರೇ ಖಾಲಿ ಇದೆ ಅಂದರೆ ಸ್ಕ್ರಿಪ್ಟ್ ಒಳಗೆ ಹುಡುಕಿ ಪ್ರಯೋಜನವಿಲ್ಲ. ಯಾವ ಕೈಯಲ್ಲಿ ಬಿದ್ದುಹೋಯಿತು ಅಂತ ಮೊದಲು ಕಣ್ಣಿಂದ ನೋಡಬೇಕು. ಊಹೆ ಮಾಡುತ್ತಾ ಕೋಡ್ ಬದಲಿಸಿದರೆ ಸರಿ ಇದ್ದದ್ದೂ ಕೆಡುತ್ತದೆ.

ಫೋನ್ ನಂಬರ್‌ನಿಂದ ಶುರು ಮಾಡೋಣ, ಅದು ಸುಲಭ.

ನಿಮ್ಮ ಫಾರಂನ ಹೆಸರು, ಇಮೇಲ್, ಸಂದೇಶ ಮೂರಕ್ಕೂ 'ನೇಮ್' ಆಟ್ರಿಬ್ಯೂಟ್ ಇದೆ. ಫೋನ್‌ಗೆ ಮಾತ್ರ 'ಐಡಿ' ಇದೆ, 'ನೇಮ್' ಇಲ್ಲ. ಇಷ್ಟೇ. ಬ್ರೌಸರ್ ಕಟ್ಟು ಮಾಡುವಾಗ ನೇಮ್ ಇರುವ ಬಾಕ್ಸ್‌ಗಳನ್ನು ಮಾತ್ರ ತೆಗೆದುಕೊಳ್ಳುತ್ತದೆ. ಐಡಿ ಇದೆಯೋ ಇಲ್ಲವೋ ಅದು ನೋಡುವುದೇ ಇಲ್ಲ. ಈ ತಪ್ಪು ಬಹಳ ಜನರಿಗೆ ಆಗುತ್ತದೆ, ಯಾಕೆ ಅಂದರೆ ಪುಟದ ಮೇಲೆ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ಲೇಬಲ್ ಒತ್ತಿದರೆ ಕರ್ಸರ್ ಬಾಕ್ಸ್‌ಗೆ ಹೋಗುತ್ತದೆ, ಸಿಎಸ್‌ಎಸ್ ಬಣ್ಣ ಬರುತ್ತದೆ, ಜಾವಾಸ್ಕ್ರಿಪ್ಟ್ ಹತ್ತು ಅಂಕಿ ಇವೆಯಾ ಅಂತ ಪರೀಕ್ಷೆ ಮಾಡುತ್ತದೆ. ಅವಕ್ಕೆಲ್ಲ ಐಡಿ ಸಾಕು. ಸರ್ವರ್‌ಗೆ ಹೋಗುವುದಕ್ಕೆ ಮಾತ್ರ ನೇಮ್ ಬೇಕು. ಎರಡಕ್ಕೂ ಒಂದೇ ಪದ ಇಟ್ಟುಕೊಂಡರೆ ಗೊಂದಲ ಕಡಿಮೆ, ನಾನು ಹಾಗೆಯೇ ಮಾಡುತ್ತೇನೆ.

ಒಂದೇ ಒಂದು ಬಾಕ್ಸ್ ಬರುತ್ತಿಲ್ಲ, ಉಳಿದದ್ದು ಬರುತ್ತಿದೆ ಅಂದರೆ ಕಾರಣ ಹೆಚ್ಚು ಕಡಿಮೆ ಯಾವಾಗಲೂ ಈ ಮೊದಲ ಕೈಯಲ್ಲೇ ಇರುತ್ತದೆ. ನೇಮ್ ಇಲ್ಲದಿರುವುದು ಒಂದು. 'ಡಿಸೇಬಲ್ಡ್' ಇಟ್ಟಿರುವುದು ಇನ್ನೊಂದು. ಡಿಸೇಬಲ್ಡ್ ಬಾಕ್ಸ್ ಕಣ್ಣಿಗೆ ಕಾಣುತ್ತದೆ, ಅದರೊಳಗೆ ಬರಹವೂ ಇರುತ್ತದೆ, ಆದರೆ ಬ್ರೌಸರ್ ಅದನ್ನು ಕಳಿಸುವುದಿಲ್ಲ. ಬಳಸುವವರು ತಿದ್ದಬಾರದು, ಆದರೆ ಸರ್ವರ್‌ಗೆ ಹೋಗಬೇಕು ಅಂತಿದ್ದರೆ 'ರೀಡ್‌ಓನ್ಲಿ' ಹಾಕಿ. ಅದು ಹೋಗುತ್ತದೆ. ಇನ್ನು ಚೆಕ್‌ಬಾಕ್ಸ್. ಟಿಕ್ ಮಾಡದ ಚೆಕ್‌ಬಾಕ್ಸ್ 'ಇಲ್ಲ' ಅಂತ ಹೇಳುವುದಿಲ್ಲ, ಸುಮ್ನೆ ಬರುವುದೇ ಇಲ್ಲ. ಟಿಕ್ ಮಾಡಿದ್ದು 'ವ್ಯಾಲ್ಯೂ' ಕೊಟ್ಟಿರದಿದ್ದರೆ 'ಆನ್' ಅನ್ನುವ ಪದ ಹೊತ್ತು ಬರುತ್ತದೆ. ಹಾಗಾಗಿ ಚೆಕ್‌ಬಾಕ್ಸ್‌ನ ಬೆಲೆ ಓದುವ ಮೊದಲು ಅದು ಬಂದಿದೆಯಾ ಅಂತ ಕೇಳಬೇಕು.

ಸಬ್ಮಿಟ್ ಬಟನ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆ ಅಂದರೆ ಇದರಲ್ಲಿ ನಾನೇ ಒಂದು ಇಡೀ ಮಧ್ಯಾಹ್ನ ಕಳೆದಿದ್ದೇನೆ. ನನ್ನದು ಒಂದು ನೋಂದಣಿ ಫಾರಂ. ಸ್ಕ್ರಿಪ್ಟ್‌ನ ತಲೆಯಲ್ಲಿ, ಪೋಸ್ಟ್ ಒಳಗೆ 'ಸಬ್ಮಿಟ್' ಅನ್ನುವ ಹೆಸರು ಇದ್ದರೆ ಮಾತ್ರ ಮುಂದೆ ಹೋಗು ಅಂತ ಬರೆದಿದ್ದೆ. ಹಳೆಯ ಪಾಠಗಳಲ್ಲೆಲ್ಲ ಹಾಗೆಯೇ ಇರುತ್ತದೆ. ವರ್ಷಗಟ್ಟಲೆ ಓಡಿತು. ಆಮೇಲೆ ಜನ ಬಟನ್ ಎರಡೆರಡು ಸಲ ಒತ್ತಿ ಒಂದೇ ಹೆಸರು ಎರಡು ಸಲ ಸೇರುತ್ತಿದೆ ಅಂತ ದೂರು ಬಂತು. ಅದಕ್ಕೆ ಫಾರಂ ಹೊರಡುವಾಗಲೇ ಬಟನ್ ಡಿಸೇಬಲ್ ಆಗುವ ಹಾಗೆ ಎರಡು ಸಾಲು ಜಾವಾಸ್ಕ್ರಿಪ್ಟ್ ಸೇರಿಸಿದೆ. ಅಂದಿನಿಂದ ಒಂದು ನೋಂದಣಿಯೂ ಸೇರಲಿಲ್ಲ. ದೋಷದ ಸಂದೇಶವೂ ಇಲ್ಲ, ಫಾರಂ ಮತ್ತೆ ಖಾಲಿಯಾಗಿ ತೆರೆದುಕೊಳ್ಳುತ್ತಿತ್ತು, ಅಷ್ಟೇ. ಡೇಟಾಬೇಸ್ ನೋಡಿದೆ, ಪರ್ಮಿಷನ್ ನೋಡಿದೆ. ಕೊನೆಗೆ ಬ್ರೌಸರ್ ಏನು ಕಳಿಸುತ್ತಿದೆ ಅಂತ ತೆರೆದು ನೋಡಿದರೆ ಹೆಸರು, ಇಮೇಲ್, ವಿಳಾಸ ಎಲ್ಲ ಇದೆ, 'ಸಬ್ಮಿಟ್' ಮಾತ್ರ ಇಲ್ಲ. ಸಬ್ಮಿಟ್ ಅನ್ನುವ ಈವೆಂಟ್ ಮುಗಿದ ಮೇಲೆಯೇ ಬ್ರೌಸರ್ ಬಾಕ್ಸ್‌ಗಳನ್ನು ಹೆಕ್ಕುವುದು. ಅಷ್ಟರಲ್ಲಿ ನನ್ನ ಎರಡು ಸಾಲು ಬಟನ್ ಡಿಸೇಬಲ್ ಮಾಡಿಯಾಗಿತ್ತು, ಡಿಸೇಬಲ್ಡ್ ಆದದ್ದನ್ನು ಬ್ರೌಸರ್ ಬಿಟ್ಟುಬಿಟ್ಟಿತು. ಮಾಹಿತಿ ಪೂರ್ತಿ ಬಂದಿತ್ತು, ನನ್ನ ಸ್ಕ್ರಿಪ್ಟೇ ಬಾಗಿಲು ತೆರೆಯಲಿಲ್ಲ.

ಜಾವಾಸ್ಕ್ರಿಪ್ಟ್‌ನಿಂದ ಫಾರಂನ ಸಬ್ಮಿಟ್ ಫಂಕ್ಷನ್ ಕರೆದು ಕಳಿಸಿದರೂ ಬಟನ್‌ನ ಹೆಸರು ಬರುವುದಿಲ್ಲ, ಯಾಕೆ ಅಂದರೆ ಯಾರೂ ಬಟನ್ ಒತ್ತಿಲ್ಲ ಅಲ್ವಾ. ಆದ್ದರಿಂದ ಬಟನ್‌ನ ಹೆಸರು ನಂಬಬೇಡಿ. ರಿಕ್ವೆಸ್ಟ್‌ನ ಮೆಥಡ್, ಅಂದರೆ ಬ್ರೌಸರ್ ಸರ್ವರ್ ಹತ್ತಿರ ಬಂದ ಬಗೆ, 'ಪೋಸ್ಟ್' ಹೌದಾ ಅಂತ ಕೇಳಿ, ಅದು ಯಾವ ದಾರಿಯಲ್ಲಿ ಕಳಿಸಿದರೂ ನಿಲ್ಲುತ್ತದೆ. ಬಟನ್‌ಗೆ 'ಸಬ್ಮಿಟ್' ಅನ್ನುವ ನೇಮ್ ಕೂಡ ಇಡಬೇಡಿ. ಇಟ್ಟರೆ ಜಾವಾಸ್ಕ್ರಿಪ್ಟ್‌ನಲ್ಲಿ ಫಾರಂನ ಸಬ್ಮಿಟ್ ಫಂಕ್ಷನ್ ಆ ಬಟನ್‌ನ ಹಿಂದೆ ಮರೆಯಾಗುತ್ತದೆ, ಕರೆದರೆ 'ಇದು ಫಂಕ್ಷನ್ ಅಲ್ಲ' ಅನ್ನುತ್ತದೆ.

ಇದೇ ಕೈಯಲ್ಲಿ ಇನ್ನೊಂದು ತಪ್ಪು ಆಗುತ್ತದೆ, ನಿಮಗೆ ಆಗಿಲ್ಲ, ಆದರೂ ಹೇಳಿಬಿಡುತ್ತೇನೆ. ಒಂದು ಫಾರಂ ಒಳಗೆ ಇನ್ನೊಂದು ಫಾರಂ ಇಡುವ ಹಾಗಿಲ್ಲ. ಹೆಡರ್‌ನಲ್ಲೋ ಟೆಂಪ್ಲೇಟ್‌ನಲ್ಲೋ ಹುಡುಕಾಟದ ಚಿಕ್ಕ ಫಾರಂ ಇದ್ದು, ಅದು ಗೊತ್ತಾಗದೆ ನಿಮ್ಮ ದೊಡ್ಡ ಫಾರಂ ಒಳಗೆ ಸೇರಿಕೊಂಡರೆ, ಬ್ರೌಸರ್ ಒಳಗಿನ ಫಾರಂ ಶುರುವಾಗುವ ಟ್ಯಾಗ್ ಬಿಟ್ಟುಬಿಡುತ್ತದೆ, ಆದರೆ ಒಳಗಿನದು ಮುಗಿಯುವ ಟ್ಯಾಗ್ ಬಿಡುವುದಿಲ್ಲ. ಆ ಟ್ಯಾಗ್‌ಗೆ ಹೊರಗಿನ ಫಾರಂ ಮುಗಿದುಹೋಗುತ್ತದೆ. ಅದರ ಕೆಳಗಿರುವ ಬಾಕ್ಸ್‌ಗಳೆಲ್ಲ ಯಾವ ಫಾರಂಗೂ ಸೇರದೆ ಉಳಿಯುತ್ತವೆ. ಪುಟದ ಅರ್ಧ ಬಂತು, ಇನ್ನರ್ಧ ಬರಲಿಲ್ಲ ಅಂದರೆ ಇದನ್ನು ಹುಡುಕಿ.

ಈಗ ಸರ್ವರ್‌ನ ಖಾಲಿ ಕಥೆ. ಇದರಲ್ಲಿ ನನಗೆ ಎರಡು ಅನುಮಾನ. ನಿಮ್ಮ ಫಾರಂನ 'ಆಕ್ಷನ್', ಅಂದರೆ ಕಟ್ಟು ಎಲ್ಲಿಗೆ ಹೋಗಬೇಕು ಅಂತ ಬರೆಯುವ ಜಾಗ, ನೋಡಿದೆ. ಅಲ್ಲಿ ಪೂರ್ತಿ ವಿಳಾಸ ಬರೆದಿದ್ದೀರಿ, ಅದೂ 'ಎಚ್‌ಟಿಟಿಪಿ'ಯಿಂದ ಶುರುವಾಗುತ್ತದೆ, ಕೊನೆಯಲ್ಲಿ 'ಎಸ್' ಇಲ್ಲ. ಇದು ಮೊದಲ ಅನುಮಾನ. ಫೋಟೊ ಎರಡನೆಯದು. ಯಾವುದು ಅಂತ ತಿಳಿಯಲು ಎರಡು ನಿಮಿಷದ ಕೆಲಸ ಇದೆ.

ಫಾರಂ ಪುಟ ತೆರೆದು ಎಫ್12 ಒತ್ತಿ, ನೆಟ್‌ವರ್ಕ್ ಟ್ಯಾಬ್‌ಗೆ ಹೋಗಿ. ಅಲ್ಲಿ ಕ್ರೋಮ್‌ನಲ್ಲಿ 'ಪ್ರಿಸರ್ವ್ ಲಾಗ್' ಅಂತ, ಫೈರ್‌ಫಾಕ್ಸ್‌ನಲ್ಲಿ 'ಪರ್ಸಿಸ್ಟ್ ಲಾಗ್ಸ್' ಅಂತ ಒಂದು ಆಯ್ಕೆ ಇರುತ್ತದೆ, ಅದನ್ನು ಟಿಕ್ ಮಾಡಲೇಬೇಕು. ಮಾಡದಿದ್ದರೆ ಪುಟ ಬದಲಾದ ಕೂಡಲೇ ಹಳೆಯ ಸಾಲುಗಳು ಅಳಿಸಿಹೋಗುತ್ತವೆ, ನಿಮಗೆ ಬೇಕಾದ ಸಾಲೇ ಕಾಣುವುದಿಲ್ಲ. ಈಗ ಫಾರಂ ತುಂಬಿ, ಮೊದಲ ಸಲ ಫೋಟೊ ಹಾಕದೆ ಕಳಿಸಿ. ಪಟ್ಟಿಯಲ್ಲಿ ನಿಮ್ಮ ಸ್ಕ್ರಿಪ್ಟ್‌ನ ಹೆಸರಿರುವ ಸಾಲು ಒತ್ತಿ. ಕ್ರೋಮ್‌ನಲ್ಲಿ 'ಪೇಲೋಡ್', ಫೈರ್‌ಫಾಕ್ಸ್‌ನಲ್ಲಿ 'ರಿಕ್ವೆಸ್ಟ್' ಅನ್ನುವ ಟ್ಯಾಬ್‌ನಲ್ಲಿ ಬ್ರೌಸರ್ ಕಟ್ಟಿದ ಕಟ್ಟು ಹಾಗೆಯೇ ಇರುತ್ತದೆ. ಅಲ್ಲಿ ಇಲ್ಲದ್ದು ಸರ್ವರ್‌ಗೆ ಹೋಗಿಲ್ಲ, ಆ ಮಾತಿನಲ್ಲಿ ಎರಡಿಲ್ಲ. ಫೈಲ್ ಕಳಿಸದ ಮಾಮೂಲಿ ಫಾರಂ ಆದರೆ, ಕಚ್ಚಾ ರೂಪದಲ್ಲಿ ನೋಡಿದಾಗ ಕನ್ನಡದಲ್ಲಿ ಬರೆದದ್ದು ಶೇಕಡಾ ಚಿಹ್ನೆ, ಅಂಕಿ, ಅಕ್ಷರಗಳ ಗೋಜಲಾಗಿ ಕಾಣಬಹುದು, ಗಾಬರಿ ಬೇಡ. 'ಕ' ಅನ್ನುವ ಒಂದು ಅಕ್ಷರ ಯುಟಿಎಫ್-8ನಲ್ಲಿ (ಅಕ್ಷರಗಳನ್ನು ಬೈಟ್ ಮಾಡುವ ಪದ್ಧತಿ) 3 ಬೈಟ್, ಒಂದೊಂದು ಬೈಟ್‌ಗೂ ಶೇಕಡಾ ಚಿಹ್ನೆ ಸೇರಿ 3 ಅಕ್ಷರ, ಒಟ್ಟು 9. ಪಿಎಚ್‌ಪಿ ಅದನ್ನು ತಾನೇ ಬಿಡಿಸಿ ಕೊಡುತ್ತದೆ.

ನನ್ನ ಮೊದಲ ಅನುಮಾನ ನಿಜವಾದರೆ ಸ್ಕ್ರಿಪ್ಟ್‌ಗೆ ಒಂದು ಸಾಲು ಅಲ್ಲ, ಎರಡು ಸಾಲು ಕಾಣುತ್ತವೆ. ಮೊದಲನೆಯದರ ಮೆಥಡ್ ಪೋಸ್ಟ್, ಸ್ಟೇಟಸ್ (ಸರ್ವರ್ ಕೊಟ್ಟ ಉತ್ತರದ ನಂಬರ್) 301 ಅಥವಾ 302. ಎರಡನೆಯದರ ಮೆಥಡ್ ಗೆಟ್ (ಪುಟ ಕೊಡು ಅಂತ ಬರೀ ಕೇಳುವ ಬಗೆ), ಸ್ಟೇಟಸ್ 200, ಅಂದರೆ ಸರಿಯಾಯಿತು. ಈ ಎರಡು ಸಾಲಿನ ನಡುವೆಯೇ ನಿಮ್ಮ ಮಾಹಿತಿ ಬಿದ್ದುಹೋಗಿದೆ. ಏನಾಗುತ್ತದೆ ಅಂದರೆ, ಬ್ರೌಸರ್ ಕಟ್ಟನ್ನು ಸರಿಯಾಗಿಯೇ ಮಾಡಿ ಎಚ್‌ಟಿಟಿಪಿ ವಿಳಾಸಕ್ಕೆ ಕಳಿಸುತ್ತದೆ. ಸರ್ವರ್ 'ಈ ಜಾಗ ಬದಲಾಗಿದೆ, ಎಚ್‌ಟಿಟಿಪಿಎಸ್ ವಿಳಾಸಕ್ಕೆ ಹೋಗು' ಅನ್ನುತ್ತದೆ. ಬ್ರೌಸರ್ ಹೊಸ ವಿಳಾಸಕ್ಕೆ ಹೋಗುತ್ತದೆ, ಆದರೆ ಕಟ್ಟನ್ನು ಅಲ್ಲೇ ಬಿಟ್ಟು, ಗೆಟ್ ಆಗಿ, ಬರಿಗೈಯಲ್ಲಿ ಹೋಗುತ್ತದೆ. ಸ್ಕ್ರಿಪ್ಟ್ ಓಡುತ್ತದೆ, ಪೋಸ್ಟ್ ಖಾಲಿ. ನೀವು ಹೇಳಿದ ಲಕ್ಷಣ ಅಕ್ಷರಶಃ ಇದೇ.

ಇದು ಬ್ರೌಸರ್‌ನ ದೋಷ ಅಲ್ಲ. 301 ಮತ್ತು 302ರಲ್ಲಿ ಪೋಸ್ಟ್ ಗೆಟ್ ಆಗುವುದು ಹಳೆಯ ಬ್ರೌಸರ್‌ಗಳ ಕಾಲದಿಂದ ನಡೆದು ಬಂದ ರೂಢಿ. 2022ರ ಆರ್‌ಎಫ್‌ಸಿ 9110 ಅನ್ನುವ ಎಚ್‌ಟಿಟಿಪಿ ದಾಖಲೆ ಕೂಡ ಇದಕ್ಕೆ ಅವಕಾಶ ಕೊಟ್ಟಿದೆ. ಮೆಥಡ್ ಬದಲಾಗದೆ ಕಟ್ಟು ಸಮೇತ ಹೋಗಬೇಕಾದರೆ ಸರ್ವರ್ 307 ಅಥವಾ 308 ಹೇಳಬೇಕು. ಆದರೆ ನೀವು ಆ ದಾರಿಗೆ ಹೋಗಬೇಡಿ. ದಾರಿ ತಿರುಗಿಸುವ ಅಗತ್ಯವೇ ಬರದ ಹಾಗೆ ಮಾಡುವುದು ಒಳ್ಳೆಯದು. ಆಕ್ಷನ್‌ನಲ್ಲಿ ಪೂರ್ತಿ ವಿಳಾಸ ತೆಗೆದು, ಓರೆಗೆರೆಯಿಂದ ಶುರುವಾಗುವ ಸ್ಕ್ರಿಪ್ಟ್‌ನ ಜಾಗ ಮಾತ್ರ ಬರೆಯಿರಿ. ಆಗ ಫಾರಂ ಯಾವ ವಿಳಾಸದಿಂದ ತೆರೆದಿದೆಯೋ ಅಲ್ಲಿಗೇ ಹೋಗುತ್ತದೆ. ನಿಮ್ಮ ಕಂಪ್ಯೂಟರ್‌ನಲ್ಲೂ ಸರ್ವರ್‌ನಲ್ಲೂ ಒಂದೇ ಕೋಡ್ ಓಡುತ್ತದೆ, ಹಾಕುವಾಗೆಲ್ಲ ಆಕ್ಷನ್ ತಿದ್ದುವ ಕೆಲಸ ತಪ್ಪುತ್ತದೆ.

ಎಚ್‌ಟಿಟಿಪಿಎಸ್ ಒಂದರಿಂದಲೇ ಹೀಗೆ ಆಗುವುದಲ್ಲ. ಮೂರು ಡಬ್ಲ್ಯೂ ಇರುವ ವಿಳಾಸದಿಂದ ಇಲ್ಲದ ವಿಳಾಸಕ್ಕೆ ತಿರುಗಿಸುವ ನಿಯಮ ಇದ್ದರೂ ಹೀಗೇ ಆಗುತ್ತದೆ. ಆಕ್ಷನ್‌ನಲ್ಲಿ ಫೋಲ್ಡರ್ ಹೆಸರು ಬರೆದು ಕೊನೆಯ ಓರೆಗೆರೆ ಬಿಟ್ಟರೆ ಅಪಾಚೆ ಅನ್ನುವ ವೆಬ್ ಸರ್ವರ್ ಆ ಗೆರೆ ಸೇರಿಸಿ 301 ಕಳಿಸುತ್ತದೆ, ಆಗಲೂ ಅಷ್ಟೇ. ಅಪಾಚೆಯ ನಿಯಮಗಳನ್ನು ಬರೆಯುವ ಎಚ್‌ಟಿಆ್ಯಕ್ಸೆಸ್ ಫೈಲ್‌ನಲ್ಲಿ ವಿಳಾಸದ ಕೊನೆಯ ಪಿಎಚ್‌ಪಿ ಕಾಣದ ಹಾಗೆ ಮಾಡುವ ನಿಯಮ ಯಾರಾದರೂ ಬರೆದಿದ್ದರೆ ಅದನ್ನೂ ನೋಡಿ. ಸ್ವಂತ ಕಂಪ್ಯೂಟರ್‌ನಲ್ಲಿ ಸಾಮಾನ್ಯವಾಗಿ ಈ ತಿರುವುಗಳಲ್ಲಿ ಹೆಚ್ಚಿನವು ಇರುವುದಿಲ್ಲ, ಅದಕ್ಕೇ ಅಲ್ಲಿ ಎಲ್ಲ ಸರಿ ಇರುತ್ತದೆ.

ಆಕ್ಷನ್ ಸರಿ ಮಾಡಿದ ಮೇಲೆ ಫೋಟೊ ಇಲ್ಲದೆ ಕಳಿಸಿ ನೋಡಿ. ಬಂದರೆ ಈಗ ಫೋನ್ ಕ್ಯಾಮೆರಾದಲ್ಲಿ ತೆಗೆದ ಒಂದು ದೊಡ್ಡ ಫೋಟೊ ಹಾಕಿ ಕಳಿಸಿ. ಮತ್ತೆ ಎಲ್ಲ ಖಾಲಿಯಾದರೆ ಎರಡನೆಯ ಅನುಮಾನವೂ ನಿಜ ಅಂತ ಅರ್ಥ, ಒಂದರ ಹಿಂದೆ ಒಂದು ಅಡಗಿ ಕೂತಿದ್ದವು.

ಪಿಎಚ್‌ಪಿಯಲ್ಲಿ 'ಪೋಸ್ಟ್ ಮ್ಯಾಕ್ಸ್ ಸೈಜ್' ಅಂತ ಒಂದು ಸೆಟ್ಟಿಂಗ್ ಇದೆ. ಇಡೀ ಕಟ್ಟು ಎಷ್ಟು ದೊಡ್ಡದಿರಬಹುದು ಅನ್ನುವ ಮಿತಿ ಅದು. ಯಾರೂ ಬದಲಿಸದಿದ್ದರೆ 8 ಎಂಬಿ. 'ಅಪ್‌ಲೋಡ್ ಮ್ಯಾಕ್ಸ್ ಫೈಲ್‌ಸೈಜ್' ಅನ್ನುವುದು ಒಂದೊಂದು ಫೈಲ್‌ನ ಮಿತಿ, ಅದು 2 ಎಂಬಿ. ಒಂದೊಂದು ಮೀರಿದಾಗ ಆಗುವುದು ಬೇರೆ ಬೇರೆ, ಇದನ್ನು ಗೊತ್ತು ಮಾಡಿಕೊಂಡರೆ ಅರ್ಧ ಕೆಲಸ ಮುಗಿಯಿತು. ಫೋಟೊ 3 ಎಂಬಿ ಇದ್ದರೆ ಹೆಸರು, ಇಮೇಲ್ ಎಲ್ಲ ಬರುತ್ತವೆ, ಫೋಟೊ ಮಾತ್ರ ಬರುವುದಿಲ್ಲ. ಕಳಿಸಿದ ಫೈಲ್‌ಗಳ ವಿವರ ಇರುವ ಫೈಲ್ಸ್ ಅರೇಯಲ್ಲಿ ಅದರ ಎರರ್ ನಂಬರ್ 1 ಅಂತ ಇರುತ್ತದೆ. ಫೋಟೊ 9 ಎಂಬಿ ಇದ್ದರೆ ಪಿಎಚ್‌ಪಿ ಇಡೀ ಕಟ್ಟನ್ನೇ ಬಿಸಾಕುತ್ತದೆ. ಪೋಸ್ಟ್ ಖಾಲಿ, ಫೈಲ್ಸ್ ಕೂಡ ಖಾಲಿ. ಆದರೂ ಸ್ಕ್ರಿಪ್ಟ್ ಓಡುತ್ತದೆ! ದೋಷಗಳನ್ನು ಬರೆದಿಡುವ ಎರರ್ ಲಾಗ್‌ನಲ್ಲಿ ಮಾತ್ರ, ಕಂಟೆಂಟ್ ಲೆಂತ್ (ಕಟ್ಟಿನ ಗಾತ್ರ) ಇಷ್ಟು ಬೈಟ್ ಮಿತಿ ಮೀರಿದೆ ಅಂತ ಒಂದು ಸಾಲು ಬಿದ್ದಿರುತ್ತದೆ. ಅಷ್ಟು ಕಷ್ಟಪಟ್ಟು ಸಂದೇಶ ಬರೆದವರಿಗೆ 'ಹೆಸರು ತುಂಬಿ' ಅಂತ ಕಾಣಿಸುತ್ತದೆ. ಅವರು ಮತ್ತೆ ತುಂಬಿ ಮತ್ತೆ ಕಳಿಸುತ್ತಾರೆ, ಮತ್ತೆ ಅದೇ. ಇದು ನನಗೆ ನಿಜಕ್ಕೂ ಬೇಸರ ತರುವ ಸಂಗತಿ, ಯಾಕೆ ಅಂದರೆ ತಡೆಯುವುದು ತುಂಬಾ ಸುಲಭ. ಸ್ಕ್ರಿಪ್ಟ್‌ನ ಮೊದಲಲ್ಲೇ ಮೆಥಡ್ ಪೋಸ್ಟ್ ಇದ್ದು, ಪೋಸ್ಟ್ ಮತ್ತು ಫೈಲ್ಸ್ ಎರಡೂ ಖಾಲಿ ಇದ್ದು, ಕಂಟೆಂಟ್ ಲೆಂತ್ ಸೊನ್ನೆಗಿಂತ ಜಾಸ್ತಿ ಇದ್ದರೆ, 'ಫೋಟೊ ತುಂಬಾ ದೊಡ್ಡದಾಯಿತು, ಚಿಕ್ಕದು ಹಾಕಿ' ಅಂತ ಹೇಳಿ. ಮೂರು ಸಾಲಿನ ಕೋಡ್.

ಮಿತಿ ಹೆಚ್ಚಿಸಬೇಕಾದರೆ ಸ್ಕ್ರಿಪ್ಟ್ ಒಳಗಿಂದ 'ಇನಿ ಸೆಟ್' (ಸೆಟ್ಟಿಂಗ್ ಬದಲಿಸುವ ಫಂಕ್ಷನ್) ಮಾಡಿದರೆ ಆಗುವುದಿಲ್ಲ. ಸ್ಕ್ರಿಪ್ಟ್ ಶುರುವಾಗುವ ಹೊತ್ತಿಗೆ ಕಟ್ಟು ಬಿಚ್ಚಿಯಾಗಿರುತ್ತದೆ, ಅಥವಾ ಬಿಸಾಕಿಯಾಗಿರುತ್ತದೆ. ಪಿಎಚ್‌ಪಿಯ ಸೆಟ್ಟಿಂಗ್‌ಗಳಿರುವ ಇನಿ ಫೈಲ್‌ನಲ್ಲೇ ಬದಲಿಸಬೇಕು. ಅದು ನಿಮ್ಮ ಕೈಗೆ ಸಿಗದಿದ್ದರೆ, ಪಿಎಚ್‌ಪಿ ಸಿಜಿಐ ಅಥವಾ ಎಫ್‌ಪಿಎಂ ಆಗಿ (ವೆಬ್ ಸರ್ವರ್‌ನಿಂದ ಬೇರೆ ಪ್ರೋಗ್ರಾಂ ಆಗಿ) ಓಡುತ್ತಿರುವ ಕಡೆ ಫೋಲ್ಡರ್‌ನಲ್ಲಿ ಚುಕ್ಕಿಯಿಂದ ಶುರುವಾಗುವ ಯೂಸರ್ ಇನಿ ಫೈಲ್ ಇಟ್ಟು ಬದಲಿಸಬಹುದು. ಅದನ್ನು ಪಿಎಚ್‌ಪಿ ಸ್ವಲ್ಪ ಹೊತ್ತು ನೆನಪಿಟ್ಟುಕೊಳ್ಳುತ್ತದೆ, ಮಾಮೂಲಿಯಾಗಿ 5 ನಿಮಿಷ. ಹಾಗಾಗಿ ಬದಲಿಸಿದ ಕೂಡಲೇ ಆಗಲಿಲ್ಲ ಅಂತ ಮತ್ತೆ ತಿದ್ದಲು ಹೋಗಬೇಡಿ. ಇಡೀ ಕಟ್ಟಿನ ಮಿತಿ ಫೈಲ್‌ನ ಮಿತಿಗಿಂತ ಜಾಸ್ತಿ ಇರಲಿ, ಫೋಟೊ ಜೊತೆಗೆ ಉಳಿದದ್ದಕ್ಕೂ ಜಾಗ ಬೇಕಲ್ಲ. ಪಿಎಚ್‌ಪಿಯ ಮುಂದೆ ಎಂಜಿನ್‌ಎಕ್ಸ್ ಅನ್ನುವ ವೆಬ್ ಸರ್ವರ್ ಇದ್ದರೆ ಅದರದ್ದೇ ಒಂದು ಮಿತಿ ಇದೆ, ಬದಲಿಸದಿದ್ದರೆ 1 ಎಂಬಿ. ಅದು ಮೀರಿದರೆ ಸ್ಕ್ರಿಪ್ಟ್ ಓಡುವುದೇ ಇಲ್ಲ, 'ತುಂಬಾ ದೊಡ್ಡದು' ಅನ್ನುವ 413 ಬರುತ್ತದೆ. ನಿಮ್ಮಲ್ಲಿ ಸ್ಕ್ರಿಪ್ಟ್ ಓಡುತ್ತಿದೆ, ಹಾಗಾಗಿ ಅದಲ್ಲ.

ಫೋಟೊ ಇರುವ ಫಾರಂಗೆ 'ಎನ್‌ಕ್‌ಟೈಪ್' (ಕಟ್ಟು ಕಟ್ಟುವ ಬಗೆ) ಅನ್ನು ಮಲ್ಟಿಪಾರ್ಟ್ ಫಾರಂ ಡೇಟಾ ಅಂತ ಇಡಬೇಕು. ನೀವು ಇಟ್ಟಿದ್ದೀರಿ, ಸರಿ ಇದೆ. ಇಡದಿದ್ದರೆ ಫೋಟೊ ಬದಲು ಅದರ ಫೈಲ್ ಹೆಸರು ಮಾತ್ರ ಒಂದು ಬರಹವಾಗಿ ಬರುತ್ತದೆ.

ಬ್ರೌಸರ್ ಕಡೆ ನೋಡಿದ್ದಾಯಿತು, ಇನ್ನು ಸರ್ವರ್ ಕಡೆಯಿಂದ ನೋಡುವ ಕ್ರಮ. ಸ್ಕ್ರಿಪ್ಟ್‌ನ ತುತ್ತತುದಿಯಲ್ಲಿ, ಬೇರೆ ಯಾವ ಸಾಲೂ ಓಡುವ ಮೊದಲು, ನಾಲ್ಕು ವಿಷಯ ಎರರ್ ಲಾಗ್‌ಗೆ ಬರೆಸಿ: ರಿಕ್ವೆಸ್ಟ್ ಮೆಥಡ್, ಕಂಟೆಂಟ್ ಟೈಪ್ (ಕಟ್ಟಿನ ಬಗೆ), ಕಂಟೆಂಟ್ ಲೆಂತ್, ಮತ್ತು ಪೋಸ್ಟ್ ಅರೇಯಲ್ಲಿರುವ ಹೆಸರುಗಳ ಪಟ್ಟಿ. ಪುಟದ ಮೇಲೆ ಮುದ್ರಿಸಬೇಡಿ, ಲಾಗ್‌ಗೇ ಹಾಕಿ. ಎಷ್ಟೋ ಸ್ಕ್ರಿಪ್ಟ್‌ಗಳು ಕೊನೆಗೆ ಬೇರೆ ಪುಟಕ್ಕೆ ಕಳಿಸಿಬಿಡುತ್ತವೆ, ಆಗ ಮುದ್ರಿಸಿದ್ದು ಕಣ್ಣಿಗೆ ಬೀಳುವುದಿಲ್ಲ. ಹೆಸರುಗಳ ಪಟ್ಟಿ ಮಾತ್ರ ಸಾಕು, ಜನರ ಫೋನ್ ನಂಬರ್, ಇಮೇಲ್ ಲಾಗ್‌ನಲ್ಲಿ ಸುಮ್ನೆ ಬಿದ್ದಿರಬಾರದು. ಈ ನಾಲ್ಕು ಸಾಲು ಬಾಯಿ ಬಿಟ್ಟು ಹೇಳುತ್ತವೆ. ಮೆಥಡ್ ಗೆಟ್ ಅಂತ ಬಂದರೆ ದಾರಿಯಲ್ಲಿ ತಿರುವು ಇದೆ, ಇಲ್ಲವೇ ಫಾರಂನಲ್ಲಿ ಮೆಥಡ್ ಬರೆಯುವುದು ಮರೆತಿದೆ, ಬರೆಯದಿದ್ದರೆ ಗೆಟ್ ಆಗುತ್ತದೆ. ಮೆಥಡ್ ಪೋಸ್ಟ್, ಲೆಂತ್ ದೊಡ್ಡದು, ಪಟ್ಟಿ ಖಾಲಿ ಅಂದರೆ ಗಾತ್ರದ ಮಿತಿ. ಪಟ್ಟಿಯಲ್ಲಿ ಒಂದು ಹೆಸರು ಮಾತ್ರ ಇಲ್ಲ ಅಂದರೆ ಫಾರಂನಲ್ಲೇ ಹುಡುಕಿ.

ಮೆಥಡ್ ಪೋಸ್ಟ್, ಲೆಂತ್ ಚಿಕ್ಕದು, ಪಟ್ಟಿ ಖಾಲಿ, ಕಂಟೆಂಟ್ ಟೈಪ್‌ನಲ್ಲಿ ಜೇಸನ್ (ಮಾಹಿತಿಯನ್ನು ಬರಹವಾಗಿ ಬರೆಯುವ ಒಂದು ರೂಪ) ಅಂತ ಇದೆಯಾ? ಹಾಗಿದ್ದರೆ ಅದು ಬೇರೆ ಜಾತಿ. ನಿಮ್ಮ ಫಾರಂ ನೇರವಾಗಿ ಹೋಗುತ್ತದೆ, ಆದರೆ ಈಗ ಬಹಳ ಜನ ಪುಟ ಬದಲಾಗದ ಹಾಗೆ ಜಾವಾಸ್ಕ್ರಿಪ್ಟ್‌ನ ಫೆಚ್ ಫಂಕ್ಷನ್‌ನಿಂದ ಕಳಿಸುತ್ತಾರೆ, ನೀವೂ ನಾಳೆ ಅಲ್ಲಿಗೆ ಹೋಗುತ್ತೀರಿ, ಅದಕ್ಕೇ ಹೇಳುತ್ತಿದ್ದೇನೆ. ಪಿಎಚ್‌ಪಿ ಎರಡು ಬಗೆಯ ಕಟ್ಟನ್ನು ಮಾತ್ರ ಬಿಚ್ಚಿ ಪೋಸ್ಟ್ ಅರೇಗೆ ಹಾಕುತ್ತದೆ, ಮಾಮೂಲಿ ಯುಆರ್‌ಎಲ್ ಎನ್‌ಕೋಡೆಡ್ ಮತ್ತು ಮಲ್ಟಿಪಾರ್ಟ್. ಜೇಸನ್ ಬಂದರೆ ಅದು ಮುಟ್ಟುವುದಿಲ್ಲ. ಪಿಎಚ್‌ಪಿ ಇನ್‌ಪುಟ್ ಅನ್ನುವ ಸ್ಟ್ರೀಮ್‌ನಿಂದ ನೀವೇ ಓದಿ ಜೇಸನ್ ಬಿಡಿಸಬೇಕು. ಜಾವಾಸ್ಕ್ರಿಪ್ಟ್‌ನಲ್ಲಿ ಸರ್ವರ್ ಬರೆಯುವ ಎಕ್ಸ್‌ಪ್ರೆಸ್‌ನಲ್ಲೂ ಇದೇ ಬುದ್ಧಿ, ಕಟ್ಟು ಬಿಚ್ಚುವ ಮಿಡಲ್‌ವೇರ್ (ನಡುವೆ ಓಡುವ ಕೋಡ್) ಸೇರಿಸದಿದ್ದರೆ ಬಾಡಿಯಲ್ಲಿ ಏನೂ ಇರುವುದಿಲ್ಲ. ಪೈಥಾನ್‌ನ ಫ್ಲಾಸ್ಕ್‌ನಲ್ಲಿ ಫಾರಂನದ್ದು ಒಂದು ಕಡೆ, ಜೇಸನ್‌ದು ಇನ್ನೊಂದು ಕಡೆ, ಫೈಲ್‌ಗಳು ಮತ್ತೊಂದು ಕಡೆ ಸಿಗುತ್ತವೆ. ಫೆಚ್‌ನಲ್ಲಿ ಫಾರಂಡೇಟಾ ಕಳಿಸುವಾಗ ಒಂದು ಎಚ್ಚರ: ಕಂಟೆಂಟ್ ಟೈಪ್ ಹೆಡರ್ ನೀವು ಬರೆಯಬೇಡಿ. ಮಲ್ಟಿಪಾರ್ಟ್ ಕಟ್ಟಿನಲ್ಲಿ ಒಂದೊಂದು ಬಾಕ್ಸ್‌ನ ನಡುವೆ 'ಬೌಂಡರಿ' ಅನ್ನುವ ಗುರುತು ಇರುತ್ತದೆ, ಅದು ಏನು ಅಂತ ಹೆಡರ್‌ನಲ್ಲಿ ಹೇಳಿರಬೇಕು. ಬ್ರೌಸರ್ ತಾನೇ ಬರೆದರೆ ಅದನ್ನು ಸೇರಿಸುತ್ತದೆ. ನೀವು ಬರೆದರೆ ಅದು ಇರುವುದಿಲ್ಲ, ಪಿಎಚ್‌ಪಿಗೆ ಎಲ್ಲಿ ಕತ್ತರಿಸಬೇಕು ಅಂತ ಗೊತ್ತಾಗುವುದಿಲ್ಲ.

ಪಟ್ಟಿಯಲ್ಲಿ ಹೆಸರು ಇದೆ, ಆದರೂ ಸ್ಕ್ರಿಪ್ಟ್ ಇಲ್ಲ ಅನ್ನುತ್ತಿದೆ ಅಂದರೆ ಆಗ ಮಾತ್ರ ಸ್ಕ್ರಿಪ್ಟ್ ತೆರೆಯಿರಿ. ಕಾಗುಣಿತ ನೋಡಿ, ದೊಡ್ಡಕ್ಷರ ಚಿಕ್ಕಕ್ಷರ ಬೇರೆ ಬೇರೆ. ನೇಮ್‌ನಲ್ಲಿ ಚುಕ್ಕಿ ಅಥವಾ ಖಾಲಿ ಜಾಗ ಇದ್ದರೆ ಪಿಎಚ್‌ಪಿ ಅದನ್ನು ಅಂಡರ್‌ಸ್ಕೋರ್ ಮಾಡಿಬಿಡುತ್ತದೆ. ಒಂದೇ ನೇಮ್ ಎರಡು ಬಾಕ್ಸ್‌ಗೆ ಇದ್ದರೆ ಕೊನೆಯದು ಮಾತ್ರ ಉಳಿಯುತ್ತದೆ, ಎಲ್ಲ ಬೇಕಾದರೆ ನೇಮ್‌ನ ಕೊನೆಗೆ ಚೌಕ ಆವರಣ ಹಾಕಿ. 'ಎಂಪ್ಟಿ' ಫಂಕ್ಷನ್‌ನಿಂದ ಪರೀಕ್ಷಿಸುತ್ತಿದ್ದರೆ, ಯಾರಾದರೂ 0 ಅಂತ ಬರೆದರೆ ಅದನ್ನೂ ಖಾಲಿ ಅನ್ನುತ್ತದೆ. ಮಕ್ಕಳು ಎಷ್ಟು ಅನ್ನುವ ಬಾಕ್ಸ್‌ಗೆ 0 ಸರಿಯಾದ ಉತ್ತರ ಅಲ್ವಾ? ಸಾವಿರಾರು ಬಾಕ್ಸ್ ಇರುವ ದೊಡ್ಡ ಟೇಬಲ್ ಫಾರಂ ಆದರೆ 'ಮ್ಯಾಕ್ಸ್ ಇನ್‌ಪುಟ್ ವಾರ್ಸ್' ಮಿತಿ 1000 ಇರುತ್ತದೆ, ಅದರಾಚೆಯದು ಕತ್ತರಿಸಿಹೋಗುತ್ತದೆ.

ನಿಮ್ಮ ಸ್ಕ್ರಿಪ್ಟ್ ಹಳೆಯ ಪಾಠ ನೋಡಿ ಬರೆದದ್ದು ಅನ್ನಿಸಿತು, ಅದಕ್ಕೆ ಇನ್ನೊಂದು ಮಾತು. ಬಾಕ್ಸ್‌ನ ಹೆಸರಿನ ಹಿಂದೆ ಡಾಲರ್ ಚಿಹ್ನೆ ಹಾಕಿದರೆ ಬೆಲೆ ತಾನಾಗಿ ಬರುತ್ತದೆ ಅಂತ ಹೇಳುವ ಪಾಠ ಸಿಕ್ಕರೆ ಮುಚ್ಚಿಡಿ. ಅದು ರಿಜಿಸ್ಟರ್ ಗ್ಲೋಬಲ್ಸ್ ಕಾಲದ್ದು. 2002ರಲ್ಲಿ ಪಿಎಚ್‌ಪಿ 4.2ರಲ್ಲೇ ಅದನ್ನು ಮಾಮೂಲಿಯಾಗಿ ಆಫ್ ಮಾಡಿದರು, 2012ರಲ್ಲಿ 5.4 ಬಂದಾಗ ಪೂರ್ತಿ ತೆಗೆದುಹಾಕಿದರು. ಹೊರಗಿನವರು ವಿಳಾಸದಲ್ಲಿ ಏನೋ ಸೇರಿಸಿ ನಿಮ್ಮ ಸ್ಕ್ರಿಪ್ಟ್‌ನ ಒಳಗಿನ ಬೆಲೆಗಳನ್ನೇ ಬದಲಿಸಲು ಅದರಿಂದ ದಾರಿಯಾಗುತ್ತಿತ್ತು.

ಇನ್ನೂ ಒಂದು, ಇದು ನಿಮ್ಮ ಮುಂದಿನ ಹೆಜ್ಜೆಗೆ. ಅರ್ಜಿ ಬಂದ ಮೇಲೆ ಇಮೇಲ್ ಕಳಿಸುವ ಸಾಲು ನಿಮ್ಮ ಸ್ಕ್ರಿಪ್ಟ್‌ನಲ್ಲಿದೆ. ಇಮೇಲ್ ಬರಲಿಲ್ಲ ಅಂದರೆ ಫಾರಂ ಮಾಹಿತಿ ಬರಲಿಲ್ಲ ಅಂತ ತಿಳಿಯಬೇಡಿ, ಇವೆರಡನ್ನೂ ಬೆರೆಸಿಕೊಂಡು ದಾರಿ ತಪ್ಪಿದವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಮಾಹಿತಿ ಬಂದ ಕೂಡಲೇ ಮೊದಲು ಡೇಟಾಬೇಸ್‌ಗೋ ಫೈಲ್‌ಗೋ ಬರೆದಿಡಿ, ಇಮೇಲ್ ಆಮೇಲೆ. ಇಮೇಲ್ ದಾರಿಯಲ್ಲಿ ಕಳೆದರೂ ಅರ್ಜಿ ನಿಮ್ಮ ಹತ್ತಿರ ಉಳಿಯುತ್ತದೆ.

ಸದ್ಯಕ್ಕೆ ಫೋನ್ ಬಾಕ್ಸ್‌ಗೆ ನೇಮ್ ಕೊಡಿ, ಆಕ್ಷನ್ ಚಿಕ್ಕದು ಮಾಡಿ, ಸ್ಕ್ರಿಪ್ಟ್‌ನ ಮೊದಲಲ್ಲಿ ಮೆಥಡ್ ಪರೀಕ್ಷೆ ಹಾಕಿ. ಮೂರನ್ನೂ ಒಟ್ಟಿಗೆ ಮಾಡದೆ, ಒಂದು ಮಾಡಿ ಒಂದು ಸಲ ಕಳಿಸಿ ನೋಡಿ, ಆಮೇಲೆ ಇನ್ನೊಂದು. ಇಷ್ಟಾದ ಮೇಲೂ ಖಾಲಿ ಬಂದರೆ ಲಾಗ್‌ನ ಆ ನಾಲ್ಕು ಸಾಲನ್ನೂ, ನೆಟ್‌ವರ್ಕ್ ಟ್ಯಾಬ್‌ನಲ್ಲಿ ಸ್ಕ್ರಿಪ್ಟ್‌ಗೆ ಸೇರಿದ ಸಾಲುಗಳ ಮೆಥಡ್ ಮತ್ತು ಸ್ಟೇಟಸ್‌ಗಳನ್ನೂ ಬರೆದು ಕಳಿಸಿ. ಕೋಡ್ ಮತ್ತೆ ಕಳಿಸುವುದು ಬೇಡ.